ಒಂದು ಗಂಟೆ ಕ್ಲಾಸಲ್ಲಿ ಯಾವುದಕ್ಕೆ ಸಮಯ ಸಾಲ್ತಿಲ್ಲ?

ಶಿರಾಗೇಟ್
ತುಮಕೂರಲ್ಲಿ ಕರಾಟೆ, ಟೇಕ್ವಾಂಡೋ, ಜೂಡೋ ಕಲೀತಿರೋರಿಗೂ ಕಲಿಸೋರಿಗೂ ಒಂದು ಪ್ರಶ್ನೆ. ಸಂಜೆ ಕ್ಲಾಸ್ ಅಂದ್ರೆ ಸಾಮಾನ್ಯವಾಗಿ 1 ಗಂಟೆ. ವಾರ್ಮ್ ಅಪ್‌ಗೆ 15-20 ನಿಮಿಷ ಹೋಗುತ್ತೆ, ಸಾಲಲ್ಲಿ ನಿಂತು ಗಾಳಿಗೆ ಪಂಚು ಕಿಕ್ಕು ಇನ್ನೊಂದು 20 ನಿಮಿಷ, ಉಳಿದಿದ್ದೆಲ್ಲ ಕಟಾ, ಅಂದ್ರೆ ಒಬ್ಬರೇ ಕ್ರಮವಾಗಿ ಮಾಡೋ ಚಲನೆಗಳ ಸರಣಿ. ಬೆಲ್ಟ್ ಟೆಸ್ಟ್ ಹತ್ರ ಬಂತು ಅಂದ್ರೆ ಪೂರ್ತಿ ಕಟಾನೇ. ಎದುರಿಗೆ ಒಬ್ಬರನ್ನ ನಿಲ್ಲಿಸ್ಕೊಂಡು ಮಾಡೋ ಅಭ್ಯಾಸ ಉಳಿದ್ರೆ ಉಂಟು, ಇಲ್ದಿದ್ರೆ ಇಲ್ಲ. ಯಾವುದು ಹೆಚ್ಚಾಗಬೇಕು ಅಂತೀರ? ಒಂದೊಂದೇ ಹೇಳಿ. ಹೇಗೆ ಮಾಡಿಸೋದು ಅಂತಾನೂ ಬರೀರಿ.

ದುರ್ಗದ ಜೂಡೋ
ಬೀಳೋದು. ಬೀದಿ ಜಗಳ ಜೀವಮಾನದಲ್ಲಿ ಒಂದ್ಸಲಾನೂ ಬರದೇ ಇರಬಹುದು. ಆದ್ರೆ ಬಚ್ಚಲಲ್ಲಿ ಜಾರೋದು, ಮಳೇಲಿ ಬಿ.ಎಚ್. ರಸ್ತೆ ಮೇಲೆ ಸ್ಕೂಟರ್ ಸ್ಕಿಡ್ ಆಗೋದು ಯಾರನ್ನೂ ಬಿಡಲ್ಲ. ಜೂಡೋದಲ್ಲಿ ಎಸೆಯೋದಕ್ಕಿಂತ ಮೊದಲು ಬೀಳೋದು ಕಲಿಸ್ತಾರೆ, ಅದಕ್ಕೆ ಉಕೆಮಿ ಅಂತ ಹೆಸರು. ಕರಾಟೆ ಕ್ಲಾಸುಗಳಲ್ಲಿ ಇದು ಇಲ್ಲವೇ ಇಲ್ಲ ಅನ್ನಬಹುದು.

ಹಿಂದಕ್ಕೆ ಬೀಳೋದು ಹೀಗೆ. ಮೊದಲು ಕುಕ್ಕರುಗಾಲಲ್ಲಿ ಕೂರಬೇಕು. ಗದ್ದ ಎದೆಗೆ ಒತ್ತಿ, ಕಣ್ಣು ಸೊಂಟದ ಬೆಲ್ಟ್ ಗಂಟಿನ ಮೇಲಿರಲಿ. ಬೆನ್ನು ಗುಂಡಗೆ ಮಾಡಿ, ಕುಂಡಿಯನ್ನ ಹಿಮ್ಮಡಿ ಪಕ್ಕದಲ್ಲೇ ಊರಿ ಹಿಂದಕ್ಕೆ ಉರುಳಬೇಕು. ಭುಜದ ಮೂಳೆ ಮ್ಯಾಟಿಗೆ ತಾಗೋ ಗಳಿಗೆಯಲ್ಲೇ ಎರಡೂ ಕೈ, ಅಂಗೈಯಿಂದ ಮೊಣಕೈ ತನಕ, ಪಟ್ ಅಂತ ಮ್ಯಾಟಿಗೆ ಬಡೀಬೇಕು, ಉಸಿರು ಹೊರಗೆ ಬಿಡಬೇಕು. ಕೈ ಮೈಯಿಂದ 30ರಿಂದ 45 ಡಿಗ್ರಿ ದೂರ ಇದ್ರೆ ಸಾಕು. ತೋಳು ಅಡ್ಡಡ್ಡ ಚಾಚಿದ್ರೆ ಪೆಟ್ಟು ಭುಜದ ಕೀಲಿಗೆ ಹೋಗುತ್ತೆ.

ಎಲ್ಲರೂ ಮಾಡೋ ತಪ್ಪು ಒಂದೇ, ಹಿಂದಕ್ಕೆ ಕೈ ಊರೋದು. ಮೈಭಾರ ಪೂರ್ತಿ ನೆಟ್ಟಗಿರೋ ತೋಳಿನ ಮೇಲೆ ಬಿದ್ದು ಮಣಿಕಟ್ಟು, ಮೊಣಕೈ, ಕಾಲರ್ ಬೋನ್, ಇವುಗಳಲ್ಲಿ ಒಂದು ಮುರಿಯಬಹುದು. ಕೈ ಊರೋದು ಹುಟ್ಟು ಅಭ್ಯಾಸ. ಬಾಯಲ್ಲಿ ಹೇಳಿದ್ರೆ ಹೋಗಲ್ಲ, ನೂರಾರು ಸಲ ಬಿದ್ದು ಬಿದ್ದೇ ಹೋಗಬೇಕು. ಕ್ಲಾಸಿಗೆ 5 ನಿಮಿಷ ಕೊಡಿ: ಕೂತಲ್ಲಿಂದ, ಕುಕ್ಕರುಗಾಲಿಂದ, ನಿಂತಲ್ಲಿಂದ, ನಡೆಯುತ್ತಾ, ಕೊನೆಗೆ ಜೊತೆಗಾರರು ತಳ್ಳಿದಾಗ. ಒಂದು ಹಂತದಲ್ಲಿ ತಲೆ ಹಿಂದಕ್ಕೆ ಅಲ್ಲಾಡೋದು ನಿಲ್ಲೋ ತನಕ ಮುಂದಿನದಕ್ಕೆ ಹೋಗಬೇಡಿ.

ಬಟವಾಡಿ ಮಾಸ್ಟರ್
ನೀವು ಹೇಳಿದ್ದು ಸರಿ ಸಾರ್, ಆದರೆ ಯಾವ ನೆಲದ ಮೇಲೆ ಅನ್ನುವುದನ್ನೂ ಹೇಳಬೇಕಿತ್ತು. ನಮ್ಮ ಕಡೆ ಕ್ಲಾಸುಗಳು ನಡೆಯುವುದು ಶಾಲೆಯ ಅಂಗಳದಲ್ಲಿ, ತಾರಸಿಯ ಮೇಲೆ, ಕಲ್ಯಾಣ ಮಂಟಪದ ಗ್ರಾನೈಟ್ ಮೇಲೆ. ಅಲ್ಲಿ ಅಂಗೈ ಬಡಿದರೆ ಕೈಯೇ ಹೋಗುತ್ತದೆ. ತುಂಡು ತುಂಡು ಜೋಡಿಸುವ ಫೋಮಿನ ಪಜಲ್ ಮ್ಯಾಟ್ ಇರುವ ಕಡೆಯೂ ಅದು 20 ಮಿ.ಮೀ. ದಪ್ಪದ್ದು, ಕಾಲಿನ ಕೆಲಸಕ್ಕೆ ಸರಿ, ನಿಂತಲ್ಲಿಂದ ಬೀಳುವುದಕ್ಕೆ ಸಾಲದು. 40 ಮಿ.ಮೀ. ಬೇಕು. 40 ಮಕ್ಕಳಿಗೆ ಅಷ್ಟು ಮ್ಯಾಟ್ ಹಾಸುವ ಶಕ್ತಿ ಎಷ್ಟು ಮಾಸ್ಟರುಗಳಿಗಿದೆ?

ದುರ್ಗದ ಜೂಡೋ
40 ಜನಕ್ಕೂ ಒಟ್ಟಿಗೆ ಹಾಸೋದು ಬೇಡ ಮಾಸ್ಟರ್. ತೆಂಗಿನ ಸೀಮೆಯಲ್ಲಿದ್ದೀವಿ, 4 ಇಂಚಿನ ನಾರಿನ ಹಾಸಿಗೆ ಎರಡು ತಗೊಳ್ಳಿ, ಹಳೇದಾದ್ರೂ ನಡೆಯುತ್ತೆ. ನಡುವೆ ತಗ್ಗು ಬಿದ್ದಿರಬಾರದು ಅಷ್ಟೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಕೆಳಗೆ ಇರೋ ಪಜಲ್ ಮ್ಯಾಟ್ ಹಾಕಿ, ಮೇಲೆ ಟಾರ್ಪಾಲಿನ್ ಬಿಗಿಯಾಗಿ ಎಳೆದು ಕಟ್ಟಿ. ಟಾರ್ಪಾಲಿನ್ ಮಡಿಕೆ ಬಿದ್ರೆ ಕಾಲ್ಬೆರಳು ಸಿಕ್ಕಿ ಪಾದ ತಿರುಚುತ್ತೆ, ಪ್ರತಿ ಕ್ಲಾಸಿಗೂ ನೋಡಬೇಕು. ಹಾಸಿಗೆಗಳ ನಡುವೆ ಸಂದು ಇದ್ರೆ ಮೊಣಕೈ ಅದರೊಳಗೆ ಹೋಗುತ್ತೆ, ಹಗ್ಗ ಹಾಕಿ ಸೇರಿಸಿ. 6 ಜನರ ಗುಂಪು ಸರದಿಯಲ್ಲಿ ಬಂದು ಬಿದ್ದು ಹೋಗಲಿ, ಉಳಿದವರು ಕಟಾ ಮಾಡ್ತಿರಲಿ.

ಗಟ್ಟಿ ನೆಲದ ಬಗ್ಗೆ ಮಾಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ಸಿಮೆಂಟ್ ಮೇಲೆ ಬಡಿಯೋದು ಬೇಡ, ಉರುಳೋದು, ಗದ್ದ ಒಳಗೆ ಎಳ್ಕೊಳ್ಳೋದು ಎರಡೇ ಸಾಕು.

ತಿಪಟೂರು ಕಿಕ್
ನಂದು ಬೇರೆ. ದೂರ. ಎದುರಾಳಿಗೂ ನಮಗೂ ನಡುವಿನ ಅಂತರ. ಗಾಳಿಗೆ ಸಾವಿರ ಕಿಕ್ ಹಾಕಿದ್ರೂ ಇದು ಬರಲ್ಲ, ಯಾಕಂದ್ರೆ ಗಾಳಿ ಹಿಂದೆ ಸರಿಯಲ್ಲ, ಮುಂದೆ ನುಗ್ಗಲ್ಲ.

ಕಣ್ಣಿಗೆ ಕಂಡದ್ದಕ್ಕೆ ಕೈ ಕದಲೋಕೆ ಹತ್ರಹತ್ರ 0.2 ಸೆಕೆಂಡ್ ಬೇಕು. ತೋಳಳತೆಯಲ್ಲಿ ನಿಂತವರು ಹೊಡೆದ್ರೆ ಏಟು ಅಷ್ಟರಲ್ಲಿ ಬಂದಾಗಿರುತ್ತೆ. ಬ್ಲಾಕ್ ಎಷ್ಟೇ ಚೆನ್ನಾಗಿರಲಿ, ತಡ. ಒಂದು ಹೆಜ್ಜೆ ಇಡದೆ ಅವರು ಮುಟ್ಟೋಕಾಗಬಾರದು ಅನ್ನೋ ದೂರದಲ್ಲಿ ನಿಂತ್ರೆ ಆ ಹೆಜ್ಜೆಯೇ ನಿಮಗೆ ಸುಳಿವು. ಇಷ್ಟನ್ನ ಮೈಗೆ ಹತ್ತಿಸೋಕೆ ಒಂದು ಬೆಲ್ಟ್ ಸಾಕು. ಇಬ್ಬರೂ ಒಂದೊಂದು ತುದಿ ಎಡಗೈಯಲ್ಲಿ ಹಿಡೀರಿ. ಒಬ್ಬರು ಮನಸ್ಸಿಗೆ ಬಂದ ಹಾಗೆ ಮುಂದೆ, ಹಿಂದೆ, ಪಕ್ಕಕ್ಕೆ ಹೆಜ್ಜೆ ಹಾಕಲಿ. ಇನ್ನೊಬ್ಬರು ಬೆಲ್ಟ್ ಬಿಗಿಯೋ ಹಾಗೂ ಇಲ್ಲ, ನೆಲ ಮುಟ್ಟೋ ಹಾಗೂ ಇಲ್ಲ. 2 ನಿಮಿಷ, ಆಮೇಲೆ ಬದಲಾಯಿಸಿ. ಅದು ಬಂದ ಮೇಲೆ ಬೆಲ್ಟ್ ಬಿಟ್ಟು, ಒಬ್ಬರಿಗೆ ಭುಜ ಮುಟ್ಟೋ ಕೆಲಸ, ಇನ್ನೊಬ್ಬರಿಗೆ ಕಾಲಲ್ಲೇ ತಪ್ಪಿಸೋ ಕೆಲಸ.

ಎರಡು ಕಡೆ ಕೆಡುತ್ತೆ. ಒಂದು, ನೆಟ್ಟಗೆ ಹಿಂದಕ್ಕೇ ಹೋಗಿ ಗೋಡೆಗೆ ತಾಗ್ತಾರೆ. ಎರಡನೇ ಹೆಜ್ಜೆಗೆ ಪಕ್ಕಕ್ಕೆ ತಿರುಗಲೇಬೇಕು ಅಂತ ನಿಯಮ ಹಾಕಿ. ಇನ್ನೊಂದು, ಕಣ್ಣು ಕೈಮುಷ್ಟಿ ಹಿಂದೆ ಓಡುತ್ತೆ. ದೃಷ್ಟಿ ಎದೆ ಮೇಲೆ ಇರಬೇಕು, ಭುಜ, ಸೊಂಟ ಎರಡೂ ಅಲ್ಲಿಂದ ಕಾಣುತ್ತೆ.

ಬಟವಾಡಿ ಮಾಸ್ಟರ್
ಇದು ಒಳ್ಳೆಯ ಅಭ್ಯಾಸ, ಒಪ್ಪುತ್ತೇನೆ. ಆದರೆ ಈ ಚರ್ಚೆಯಲ್ಲಿ ಕಟಾವನ್ನು ಕಾಲಹರಣ ಎಂಬಂತೆ ಮಾತಾಡುತ್ತಿರುವುದು ಸರಿಯಲ್ಲ. ಕರಾಟೆಯಲ್ಲಿ ಮೊದಲು ಕಲಿಸುವ ಹೆಯಾನ್ ಕಟಾಗಳನ್ನು ಜಪಾನಿನ ಓಕಿನಾವಾದಲ್ಲಿ ಕರಾಟೆ ಗುರು ಇತೋಸು ಅವರು ರೂಪಿಸಿದ್ದೇ ಶಾಲಾ ಮಕ್ಕಳಿಗೆ ಗುಂಪಿನಲ್ಲಿ ಕಲಿಸಲು. ಜಾಗ ಕಡಿಮೆ, ಮಕ್ಕಳು ಜಾಸ್ತಿ, ಮಾಸ್ಟರ್ ಒಬ್ಬರೇ. ಇವತ್ತಿನ ನಮ್ಮ ಪರಿಸ್ಥಿತಿಯೂ ಅದೇ. ಕಟಾದಲ್ಲಿರುವುದನ್ನು ಇಬ್ಬರು ನಿಂತು ಮಾಡಿಸುತ್ತಿಲ್ಲ, ಕೊರತೆ ಇರುವುದು ಅಲ್ಲಿ.

ಅವುಗಳಲ್ಲಿ ಮೊದಲನೆಯದಾದ ಹೆಯಾನ್ ಶೋಡಾನ್ ತೆಗೆದುಕೊಳ್ಳಿ. ಬಲಕ್ಕೆ ತಿರುಗಿ ಗೆದಾನ್ ಬರಾಯ್ (ಕೈಯನ್ನು ಕೆಳಕ್ಕೆ ಬೀಸಿ ತಡೆಯುವುದು) ಹಾಕಿದ ಮೇಲೆ ಮುಂದಿನ ಬಲಗಾಲನ್ನು ಹಿಂದಕ್ಕೆ ಎಳೆದು, ಕೈಯನ್ನು ಸುತ್ತು ಹಾಕಿ, ಮುಷ್ಟಿಯ ಬುಡದಿಂದ ಮೇಲಿನಿಂದ ಹೊಡೆಯುವ ಚಲನೆ ಬರುತ್ತದೆ. ಬಲ ಮಣಿಕಟ್ಟು ಹಿಡಿದವರಿಂದ ಬಿಡಿಸಿಕೊಳ್ಳುವುದು ಅದರ ಸಾಮಾನ್ಯ ಅರ್ಥ. ಮಕ್ಕಳು ಕೈಯನ್ನು ಮಾತ್ರ ದೊಡ್ಡದಾಗಿ ತಿರುಗಿಸುತ್ತಾರೆ, ಕಾಲು ಆಮೇಲೆ ಬರುತ್ತದೆ. ಜೊತೆಗಾರ ನಿಜವಾಗಿ ಹಿಡಿದರೆ ಆ ಕ್ಷಣವೇ ತಪ್ಪು ಗೊತ್ತಾಗುತ್ತದೆ: ಬರೀ ತೋಳಿನಿಂದ ಬಿಡಿಸಲು ಬರುವುದಿಲ್ಲ, ಕಾಲೂ ಕೈಯೂ ಒಂದೇ ಕ್ಷಣದಲ್ಲಿ ಹಿಂದೆ ಬಂದರೆ ಮೈಭಾರವೇ ಕೈಯನ್ನು ಎಳೆಯುತ್ತದೆ. 5 ನಿಮಿಷ ಹೀಗೆ ಮಾಡಿಸಿದರೆ ಆ ಕಟಾ ಮತ್ತೆ ಮರೆಯುವುದಿಲ್ಲ.

ಕ್ಯಾತ್ಸಂದ್ರದ ಅಕ್ಕ
ಮಾಸ್ಟರ್, ಆ ಉದಾಹರಣೆ ಚೆನ್ನಾಗಿದೆ. ನನ್ನ ಉತ್ತರವೂ ಅಲ್ಲೇ ಇದೆ: ಬಿಡದೆ ಹಿಡಿದುಕೊಳ್ಳುವ ಜೊತೆಗಾರರು. ಸರ್ಕಾರಿ ಶಾಲೆಗಳಲ್ಲಿ ಸಮಗ್ರ ಶಿಕ್ಷಣದಡಿ ಹೆಣ್ಣುಮಕ್ಕಳಿಗೆ 3 ತಿಂಗಳ ಆತ್ಮರಕ್ಷಣೆ ತರಬೇತಿ ಇದೆ. 3 ತಿಂಗಳಲ್ಲಿ 20 ಬಗೆಯ ಪಟ್ಟುಗಳನ್ನು ತೋರಿಸುವುದಕ್ಕಿಂತ ಮೂರೇ ಪಟ್ಟುಗಳನ್ನು ವಿರೋಧದ ಜೊತೆ ಮಾಡಿಸುವುದೇ ಲೇಸು.

ಕೈ ಬಿಡಿಸಿಕೊಳ್ಳುವುದನ್ನೇ ನೋಡಿ. ಹಿಡಿದವರ ಹೆಬ್ಬೆರಳು ಮತ್ತು ಬೆರಳು ಸೇರುವ ಜಾಗ ಹಿಡಿತದ ಬಾಗಿಲು. ನಿಮ್ಮ ಮಣಿಕಟ್ಟಿನ ತೆಳು ಅಂಚನ್ನು ಆ ಕಡೆಗೆ ತಿರುಗಿಸಿ. ಒಂದು ಕಾಲು ಮುಂದೆ ಇಟ್ಟು, ಮೊಣಕೈಯನ್ನು ಅವರ ಮೊಣಕೈ ಕಡೆಗೆ ನೂಕಿದರೆ ಕೈ ತಾನಾಗಿ ಆ ಸಂದಿನಿಂದ ಹೊರಬರುತ್ತದೆ. ಹುಡುಗಿಯರು ಮಾಡುವುದು ನೇರ ಹಿಂದಕ್ಕೆ ಜಗ್ಗುವುದು. ಜಗ್ಗಾಟಕ್ಕೆ ಇಳಿದರೆ ಬಲ ಇದ್ದವರೇ ಗೆಲ್ಲುತ್ತಾರೆ.

ಕ್ಲಾಸಿನಲ್ಲಿ ಜೊತೆಗಾರ್ತಿ ಸ್ನೇಹಿತೆಯ ಕೈಯನ್ನು ಮೆತ್ತಗೆ ಹಿಡಿದು, "ಒಂದು, ಎರಡು" ಅಂದಾಗ ಬಿಟ್ಟುಬಿಡುತ್ತಾಳೆ. ಅದು ಅಭ್ಯಾಸ ಅಲ್ಲ. ಹಂತ ಇಡಬೇಕು. ಮೊದಲ ಸುತ್ತು ಸುಮ್ಮನೆ ಹಿಡಿಯುವುದು. ಎರಡನೆಯದರಲ್ಲಿ ಗಟ್ಟಿಯಾಗಿ. ಮೂರನೆಯದರಲ್ಲಿ ಹಿಡಿದು ಎಳೆದುಕೊಂಡು ಹೋಗುವುದು. ನಾಲ್ಕನೆಯದರಲ್ಲಿ ಬಿಡಿಸಿಕೊಂಡ ತಕ್ಷಣ ಇನ್ನೊಂದು ಕೈಯಿಂದ ಮತ್ತೆ ಹಿಡಿಯುವುದು. ಈ ನಾಲ್ಕನೆಯ ಸುತ್ತೇ ಕ್ಲಾಸುಗಳಲ್ಲಿ ಇರುವುದಿಲ್ಲ. ಬಿಡಿಸಿಕೊಂಡವಳು ಅಲ್ಲೇ ನಿಂತುಬಿಡುತ್ತಾಳೆ, ಮಾಸ್ಟರ್ ಕಡೆ ನೋಡುತ್ತಾಳೆ. ಬಿಡಿಸಿಕೊಂಡ ಮೇಲೆ ಜೋರಾಗಿ ಕೂಗಿ, 5 ಹೆಜ್ಜೆ ಓಡಿ, ತಿರುಗಿ ನೋಡುವ ತನಕ ಪಟ್ಟು ಮುಗಿದಿಲ್ಲ ಅಂತಲೇ ಕಲಿಸಿ.

ಗುಬ್ಬಿ ಗರಡಿ
ಅಕ್ಕ ಹೇಳಿದ್ದು ಗರಡಿ ಮನೇಲಿ ಮೊದಲ ದಿನದಿಂದ ಇದೆ. ಎದುರಿಗಿರೋನು ಬಿಡಲ್ಲ, ನೀನೂ ಬಿಡಬೇಡ. ಮಟ್ಟಿ, ಅಂದ್ರೆ ಕುಸ್ತಿ ಆಡೋ ಮಣ್ಣನ್ನ, ಅಗೆದು ಹದ ಮಾಡಿರ್ತಾರೆ, ಅದರ ಮೇಲೆ ಬೀಳೋದು ತಾನಾಗೇ ಬರುತ್ತೆ. ಪಟ್ಟು ಹಾಕಿದ್ದು ಸರಿಯೋ ತಪ್ಪೋ ಅಂತ ಯಾರೂ ಹೇಳಬೇಕಾಗಿಲ್ಲ, ಕೆಡವಿದ್ರೆ ಸರಿ. ಪಂಚು ಕಿಕ್ಕು ಕಲಿಯೋರು ವಾರಕ್ಕೆ ಒಂದು ದಿನ 10 ನಿಮಿಷ ಕುಸ್ತಿ ಹಿಡಿತ ಮಾಡಿ. ಒಂದು ಕೈ ಕತ್ತಿನ ಹಿಂದೆ, ಒಂದು ಕೈ ಎದುರಾಳಿ ಮೊಣಕೈ ಮೇಲೆ. ಕೆಡವೋದು ಬೇಡ, ಕಾಲು ಕದಲಿಸಿದ್ರೆ ಸಾಕು. ಜಗಳ ಅಂದ್ರೆ ಎರಡನೇ ಏಟಿಗೇ ಅಂಗಿ ಹಿಡಿಯೋದು. ಕರಾಟೆ ಹುಡುಗ್ರು ಅಲ್ಲಿಗೆ ಬಂದಾಗ ಮರಗಟ್ಟಿ ನಿಂತ್ಬಿಡ್ತಾರೆ.

ತಿಪಟೂರು ಕಿಕ್
ಅದಕ್ಕೆ ಪಾಯಿಂಟ್ ಆಟವೂ ಕಾರಣ ಅಣ್ಣ. ಕರಾಟೆ ಸ್ಪರ್ಧೆಯಲ್ಲಿ ಕೈಯೇಟಿಗೆ 1, ಮುಂಡಕ್ಕೆ ಒದೆತಕ್ಕೆ 2, ತಲೆಗೆ ಒದೆತಕ್ಕೆ 3. ಏಟು ತಾಗಿದ ಕೂಡಲೇ "ಯಾಮೆ", ನಿಲ್ಲಿಸಿ ಅಂತ ರೆಫರಿ ಕೂಗ್ತಾರೆ. ಹೊಡೆದವರು ಅಲ್ಲೇ ಕೈ ಇಳಿಸಿ ತಿರುಗಿ ನಡೆಯೋದನ್ನ ಕಲೀತಾರೆ. ಕ್ಲಾಸಲ್ಲಿ ಇದನ್ನ ಸರಿ ಮಾಡೋದು ಸುಲಭ: ಪಾಯಿಂಟ್ ಬಂದ ಮೇಲೂ 3 ಸೆಕೆಂಡ್ ಆಟ ನಡೀಲಿ, ಕೈ ಮೇಲಿಟ್ಟುಕೊಂಡೇ ದೂರಕ್ಕೆ ಹೋದವರಿಗೆ ಮಾತ್ರ ಪಾಯಿಂಟ್ ಕೊಡಿ.

ಬಟವಾಡಿ ಮಾಸ್ಟರ್
ವಿರೋಧ, ವಿರೋಧ ಅಂತ ಎಲ್ಲರೂ ಬರೆಯುತ್ತಿದ್ದೀರಿ. 12 ವರ್ಷದ ಮಗುವಿನ ತಲೆಗೆ ಏಟು ಬಿದ್ದರೆ ಯಾರು ಹೊಣೆ? ಮಕ್ಕಳನ್ನು ನಂಬಿಕೆಯಿಂದ ಕಳಿಸುತ್ತಾರೆ.

ದುರ್ಗದ ಜೂಡೋ
ಮಾಸ್ಟರ್, ಈ ಭಯ ಇರಲೇಬೇಕು. ಆದ್ರೆ ವಿರೋಧ ಅಂದ್ರೆ ಹೊಡೆದಾಟ ಅಲ್ಲ. ಕಾನೊ ಜಿಗೋರೋ 1882ರಲ್ಲಿ ಟೋಕಿಯೊದಲ್ಲಿ ಜೂಡೋ ಶುರು ಮಾಡಿದಾಗ ಇದೇ ಪ್ರಶ್ನೆ ಎದುರಿಗಿತ್ತು. ಅಪಾಯದ ಪಟ್ಟುಗಳನ್ನ ರಾಂದೋರಿಯಿಂದ, ಅಂದ್ರೆ ಇಬ್ಬರು ಮನಸ್ಸಿಗೆ ಬಂದ ಪಟ್ಟು ಹಾಕಿ ಮಾಡೋ ಅಭ್ಯಾಸದಿಂದ, ಹೊರಗಿಟ್ರು, ಉಳಿದವನ್ನ ಪೂರ್ತಿ ಬಲ ಹಾಕಿ ಅಭ್ಯಾಸ ಮಾಡೋಕೆ ಬಿಟ್ರು. ನಾವೂ ಅದನ್ನೇ ಮಾಡಬೇಕು. ಮಕ್ಕಳಿಗೆ ತಲೆಗೆ ಏಟು ಬೇಡವೇ ಬೇಡ. ಭುಜ ಮುಟ್ಟೋದು, ಬೆಲ್ಟ್ ಕಸಿಯೋದು, ಕೈ ಬಿಡಿಸೋದು, ಗೆರೆಯಿಂದ ಹೊರಗೆ ತಳ್ಳೋದು, ಇವುಗಳಲ್ಲಿ ಪೂರ್ತಿ ಬಲ ಹಾಕಿದ್ರೂ ತಲೆಗೆ ಹೊಡೆತ ಬೀಳಲ್ಲ.

ಬಟವಾಡಿ ಮಾಸ್ಟರ್ ಹೇಳಿದ ಹಾಗೆ ಹೊಣೆಗಾರಿಕೆ ಇದ್ದೇ ಇದೆ. ತೂಕ ಹತ್ರ ಹತ್ರ ಇರೋರನ್ನ ಜೋಡಿ ಮಾಡಿ. ಉಗುರು ಕತ್ತರಿಸಿರಬೇಕು, ಬಳೆ, ಉಂಗುರ, ಓಲೆ ತೆಗೆದಿಡಬೇಕು. ಸೋತೆ ಅಂತ ಎರಡು ಸಲ ತಟ್ಟಿದ್ರೆ ಆ ಕ್ಷಣ ಬಿಡಬೇಕು. ದೊಡ್ಡವರು ಸ್ಪಾರಿಂಗ್ ಮಾಡೋದಾದ್ರೆ ಮೌತ್ ಗಾರ್ಡ್ ಇಲ್ದೆ ಇಳಿಸಬೇಡಿ. ಅಷ್ಟೆಲ್ಲ ಇದ್ದೂ ತಲೆಗೆ ಪೆಟ್ಟು ಬಿದ್ದು ತಲೆಸುತ್ತು, ವಾಂತಿ, ಮಂಕು, ಕೇಳಿದ್ದನ್ನೇ ಮತ್ತೆ ಕೇಳೋದು ಕಂಡ್ರೆ ಅವತ್ತಿಗೆ ಅವರ ಅಭ್ಯಾಸ ಮುಗೀತು. "ಪರವಾಗಿಲ್ಲ ಮಾಸ್ಟರ್" ಅಂದ್ರೂ ವಾಪಸ್ ಇಳಿಸೋ ಹಾಗಿಲ್ಲ. ಡಾಕ್ಟರ್ ಹತ್ರ ಕಳಿಸಬೇಕು, ಮನೆಯವರಿಗೆ ಫೋನ್ ಮಾಡಬೇಕು.

ಶಿರಾಗೇಟ್
ಹಾಗಾದ್ರೆ 1 ಗಂಟೆಗೆ ಇದನ್ನೆಲ್ಲ ತುಂಬೋದು ಹೇಗೆ? ಬೆಲ್ಟ್ ಟೆಸ್ಟಿಗೆ ಕಟಾನೂ ಬೇಕಲ್ಲ.

ಬಟವಾಡಿ ಮಾಸ್ಟರ್
ವಾರ್ಮ್ ಅಪ್‌ನಿಂದ ಕದಿಯಬಹುದು. 20 ನಿಮಿಷ ಓಟ, ಜಂಪಿಂಗ್ ಜಾಕ್ ಬೇಕಿಲ್ಲ. 5 ನಿಮಿಷ ಕೀಲು ಸಡಿಲಿಸಿ, ನಂತರ ಬೆಲ್ಟ್ ಹಿಡಿದ ಹೆಜ್ಜೆಯಾಟ 5 ನಿಮಿಷ, ಬೀಳುವುದು 5 ನಿಮಿಷ. ಮೈ ಬಿಸಿಯೂ ಆಯಿತು, ಅಭ್ಯಾಸವೂ ಆಯಿತು. ಕಿಹೋನ್ (ಸಾಲಲ್ಲಿ ನಿಂತು ಮಾಡುವ ಪಂಚು ಕಿಕ್ಕಿನ ಮೂಲ ಅಭ್ಯಾಸ) 15, ಕಟಾ 15. ಕೊನೆಯ 15 ನಿಮಿಷ ಅದೇ ದಿನ ಮಾಡಿದ ಕಟಾದ ಒಂದೇ ಚಲನೆಯನ್ನು ಜೋಡಿಯಲ್ಲಿ, ಅಕ್ಕ ಹೇಳಿದ ನಾಲ್ಕು ಸುತ್ತಿನ ಕ್ರಮದಲ್ಲಿ.

ಕ್ಯಾತ್ಸಂದ್ರದ ಅಕ್ಕ
ಆ 15 ನಿಮಿಷವನ್ನು ಕೊನೆಗೆ ಇಡಬೇಡಿ ಮಾಸ್ಟರ್. ಕೊನೆಯ ಸಮಯವೇ ಮೊದಲು ಹೋಗುವುದು, ಕ್ಲಾಸ್ ತಡವಾಗಿ ಶುರುವಾದರೂ ಅದೇ, ಗೇಟಿನ ಹತ್ತಿರ ಅಪ್ಪಂದಿರು ಬೈಕ್ ನಿಲ್ಲಿಸಿದರೂ ಅದೇ. ಜೋಡಿ ಅಭ್ಯಾಸ ನಡುವೆ ಬರಲಿ, ಕಟಾ ಕೊನೆಗೆ ಹೋಗಲಿ. ಕಟಾ ಮನೆಯಲ್ಲಿ ಒಬ್ಬರೇ ಮಾಡಬಹುದು, ಜೊತೆಗಾರರು ಸಿಗುವುದು ಕ್ಲಾಸಿನಲ್ಲಿ ಮಾತ್ರ.

ಬಟವಾಡಿ ಮಾಸ್ಟರ್
ಆ ಮಾತು ನ್ಯಾಯ. ನಡುವೆಯೇ ಇಡೋಣ. ಆದರೆ ಬೆಲ್ಟ್ ಟೆಸ್ಟಿನ ಹಿಂದಿನ ಎರಡು ವಾರ ಕಟಾಗೆ 25 ನಿಮಿಷ ಬೇಕೇ ಬೇಕು, ಅದನ್ನು ಬಿಡಲಾರೆ.

ಗುಬ್ಬಿ ಗರಡಿ
ಟೆಸ್ಟಲ್ಲೇ ಜೋಡಿ ಪಟ್ಟು ಕೇಳಿ ಮಾಸ್ಟರ್, ಆಗ ಆ ಎರಡು ವಾರವೂ ಉಳಿಯುತ್ತೆ. ಹಳದಿ ಬೆಲ್ಟಿಗೆ ಹಿಂದಕ್ಕೆ ಬೀಳೋದು, ಕಿತ್ತಳೆಗೆ ಕೈ ಬಿಡಿಸೋದು, ಹೀಗೆ ಒಂದೊಂದು ಸೇರಿಸಿ. ಹಿಡಿಯೋನು ಕಲಿಯೋನ ಗೆಳೆಯ ಆಗಿರಬಾರದು, ಮಾಸ್ಟರೇ ಆರಿಸಿದ ಬೇರೆ ಬ್ಯಾಚಿನವನಾಗಿರಬೇಕು.

ಬಟವಾಡಿ ಮಾಸ್ಟರ್
ಇದನ್ನು ಮುಂದಿನ ಟೆಸ್ಟಿಗೇ ಸೇರಿಸಬಹುದು. ದುರ್ಗದವರೇ, ನಾರಿನ ಹಾಸಿಗೆಯ ಉದ್ದ ಅಗಲ ಎಷ್ಟಿರಬೇಕು?

ದುರ್ಗದ ಜೂಡೋ
6 ಅಡಿ ಉದ್ದ, 4 ಅಡಿ ಅಗಲದ್ದು ಎರಡು. ಉದ್ದದ ಅಂಚು ಅಂಚಿಗೆ ಕೂಡಿಸಿ ಇಟ್ರೆ 8 ಅಡಿಗೆ 6 ಅಡಿ ಆಗುತ್ತೆ. 8 ಅಡಿ ಇರೋ ಕಡೆಗೇ ಬೀಳಬೇಕು, ಆಗ ಎತ್ತರದ ಹುಡುಗನ ತಲೆಯೂ ಒಳಗೇ ಇರುತ್ತೆ. ಸಂದು ಸೊಂಟದ ಹತ್ರ ಅಡ್ಡ ಬರುತ್ತೆ, ಹಾಗಾಗಿ ಹಗ್ಗ ಚೆನ್ನಾಗಿ ಬಿಗಿದಿರಲಿ. ಸುತ್ತ 20 ಮಿ.ಮೀ. ಮ್ಯಾಟ್ ಹಾಸಿ, ಗೋಡೆಯಿಂದ ಕನಿಷ್ಠ 6 ಅಡಿ ದೂರ ಇಡಿ. ಮಳೆಗಾಲದಲ್ಲಿ ನಾರು ತೇವ ಹೀರಿ ಬೂಸ್ಟು ಹಿಡಿಯುತ್ತೆ, ವಾರಕ್ಕೊಮ್ಮೆ ಟಾರ್ಪಾಲಿನ್ ಬಿಚ್ಚಿ ಬಿಸಿಲಿಗೆ ನಿಲ್ಲಿಸಿ.