ಮಳೆಗಾಲದಲ್ಲಿ ಮ್ಯಾಟ್ ಸ್ಪ್ರೇ ವಾರ್ನಿಶ್ ಬೆಳ್ಳಗಾಗುತ್ತಿದೆ: ಕಾರಣವೇನು, ಬಣ್ಣ ಉಳಿಸೋದು ಹೇಗೆ?

ಪುಟ್ಟಸೈನ್ಯ (ಮಂಗಳೂರು)

28 ಎಂಎಂ ಮಿನಿಯೇಚರ್‌ಗಳು (ಬಣ್ಣ ಬಳಿಯೋ ಪುಟ್ಟ ಬೊಂಬೆಗಳು). ಅರ್ಧ ಪ್ಲಾಸ್ಟಿಕ್, ಅರ್ಧ ವೈಟ್ ಮೆಟಲ್ (ತವರದ ಮಿಶ್ರಲೋಹ). ಬಣ್ಣ ಎಲ್ಲ ನೀರಿನ ಅಕ್ರಿಲಿಕ್, ಮೇಲೆ ರಕ್ಷಣೆಗೆ ಲ್ಯಾಕರ್ ಜಾತಿಯ (ನೀರಲ್ಲ, ಥಿನ್ನರ್ ಥರದ ಸಾಲ್ವೆಂಟ್‌ನಲ್ಲಿ ಕರಗಿಸಿದ) ಮ್ಯಾಟ್, ಅಂದರೆ ಹೊಳಪಿಲ್ಲದ, ವಾರ್ನಿಶ್ ಸ್ಪ್ರೇ. ಪೇಂಟಿಂಗ್ ನಡೆಯೋದು ಎಸಿ ರೂಮಿನಲ್ಲಿ, 24 ಡಿಗ್ರಿ. ವಾರ್ನಿಶ್ ವಾಸನೆ ಅಂತ ಬಾಲ್ಕನಿಗೆ ಒಯ್ದು ಅಲ್ಲೇ ತಕ್ಷಣ ಹೊಡೆಯೋದು. ಹೊರಗೆ 27 ಡಿಗ್ರಿ, ಮೀಟರ್‌ನಲ್ಲಿ ತೇವಾಂಶ 90%.

ಹೊಡೆದ ಒಂದೆರಡು ನಿಮಿಷಕ್ಕೇ ಕಪ್ಪು ಮೇಲಂಗಿ ಬೂದಿ ಬಳಿದ ಹಾಗೆ ಆಗುತ್ತೆ. ಮೆಟಲ್ ಮೇಲೆ ಜಾಸ್ತಿ, ಪ್ಲಾಸ್ಟಿಕ್ ಮೇಲೆ ಸ್ವಲ್ಪ ಕಡಿಮೆ. ಇದೇ ಕ್ಯಾನ್ ಫೆಬ್ರವರಿಯಲ್ಲಿ ಯಾವ ತಕರಾರೂ ಮಾಡಿರಲಿಲ್ಲ. ಕ್ಯಾನ್ ಕೆಟ್ಟಿದೆಯಾ? ಬೆಳ್ಳಗಾದವನ್ನು ಸರಿ ಮಾಡಬಹುದಾ? ಅಥವಾ ಆಟಿ (ತುಳುನಾಡಿನ ಮಳೆಗಾಲದ ತಿಂಗಳು) ಮುಗಿಯೋವರೆಗೆ ಸುಮ್ಮನೆ ಕೂರಬೇಕಾ?

ತೆಳುಕೋಟು

ಕ್ಯಾನ್ ಕೆಟ್ಟಿಲ್ಲ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: ಎಸಿ ರೂಮಿಂದ ನೇರ ಬಾಲ್ಕನಿಗೆ.

ಎಲ್ಲರೂ ತೇವಾಂಶದ ಶೇಕಡಾವಾರು ನೋಡ್ತಾರೆ. ನೋಡಬೇಕಾದ್ದು ಡ್ಯೂ ಪಾಯಿಂಟ್, ಅಂದರೆ ಗಾಳಿಯ ನೀರು ಇಬ್ಬನಿಯಾಗಿ ಕೂರೋ ಉಷ್ಣಾಂಶ. 27 ಡಿಗ್ರಿ, 90% ಗಾಳಿಗೆ ಅದು ಸುಮಾರು 25 ಡಿಗ್ರಿ. ನಿಮ್ಮ ಮಿನಿಯೇಚರ್ 24 ಡಿಗ್ರಿಯಲ್ಲಿ ಹೊರಗೆ ಬರುತ್ತೆ. ಸ್ಪ್ರೇ ಒತ್ತುವ ಮೊದಲೇ ಅದರ ಮೈಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂತಿರುತ್ತೆ. ಕನ್ನಡಕ ಹಾಕಿಕೊಂಡು ಎಸಿ ಕಾರಿಂದ ಇಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೆಟಲ್ ತುಂಡು ಭಾರ, ತಣ್ಣಗಿದ್ದದ್ದು ಬೆಚ್ಚಗಾಗೋಕೆ ಹೆಚ್ಚು ಹೊತ್ತು ಬೇಕು. ಅದಕ್ಕೇ ಅದರ ಮೇಲೆ ಬಿಳಿ ಜಾಸ್ತಿ.

ಇದರ ಮೇಲೆ ಸ್ಪ್ರೇ ಕೂಡ ತಣಿಸುತ್ತೆ. ಕ್ಯಾನ್ ಒಳಗಿನ ಗ್ಯಾಸ್ ಹಿಗ್ಗುವಾಗ, ಬೇಗ ಆರುವ ಸಾಲ್ವೆಂಟ್ ಆವಿಯಾಗುವಾಗ, ಎರಡೂ ಶಾಖ ಎಳೆದುಕೊಳ್ಳುತ್ತವೆ. ಹಸಿ ಕೋಟಿನ ಮೈ ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಕೆಳಗಿಳಿಯುತ್ತೆ. ಅಲ್ಲಿ ಕೂತ ನೀರಿನಿಂದ ವಾರ್ನಿಶ್‌ನ ರಾಳ ಕರಗಿದ ಸ್ಥಿತಿಯಿಂದ ಹೊರಬಿದ್ದು ಗಟ್ಟಿಯಾಗುತ್ತೆ, ನೀರು ಹೋದ ಮೇಲೆ ಸಣ್ಣ ಸಣ್ಣ ಟೊಳ್ಳು ಉಳಿಯುತ್ತವೆ. ಬೆಳಕು ಅದರಲ್ಲಿ ಚದುರಿ ಬಿಳಿ ಕಾಣುತ್ತೆ. ಇದೇ ಬ್ಲಶಿಂಗ್.

27 ಡಿಗ್ರಿ, 60% ಇದ್ದಿದ್ದರೆ ಡ್ಯೂ ಪಾಯಿಂಟ್ 18–19ಕ್ಕೆ ಇಳಿದಿರುತ್ತಿತ್ತು, ಎಂಟು ಡಿಗ್ರಿ ಅಂತರ ಸಿಗುತ್ತಿತ್ತು. ಕರಾವಳಿಯಲ್ಲಿ ಜುಲೈನಲ್ಲಿ ಗಾಳಿ ಒಣಗಿಸೋದು ನಮ್ಮ ಕೈಲಿಲ್ಲ. ಮಿನಿಯೇಚರ್ ಬಿಸಿ ಮಾಡೋದು ಕೈಲಿದೆ. ಅದು 35 ಡಿಗ್ರಿ ಇದ್ದರೆ ಅದೇ ಬಾಲ್ಕನಿಯಲ್ಲಿ ಹತ್ತು ಡಿಗ್ರಿ ಅಂತರ.

ಮಾಡೋದು ಹೀಗೆ. ಬೆಳಿಗ್ಗೆಯೇ ಕ್ಯಾನ್ ಮತ್ತು ಮಿನಿಯೇಚರ್ ಎಸಿ ರೂಮಿಂದ ಆಚೆ ಇಡಿ. ರಟ್ಟಿನ ಡಬ್ಬಿಗೆ 40 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಹಾಕಿ (ಎಲ್‌ಇಡಿಯಿಂದ ಶಾಖ ಸಾಲದು), ಬಲ್ಬ್ ರಟ್ಟಿಗೆ ತಾಗದಂತೆ ನೋಡಿಕೊಂಡು, ಥರ್ಮಾಮೀಟರ್ 35 ತೋರಿಸೋ ಹಾಗೆ ಮುಚ್ಚಳ ಸ್ವಲ್ಪ ತೆರೆದಿಡಿ. ಒಳಗೆ ಮಿನಿಯೇಚರ್ ಮಾತ್ರ ಇಡಿ, ಕ್ಯಾನ್ ಅಲ್ಲ: ಪ್ಲಾಸ್ಟಿಕ್‌ಗೆ ಅರ್ಧ ಗಂಟೆ, ಮೆಟಲ್‌ಗೆ ಒಂದು ಗಂಟೆ. 40 ದಾಟಿಸಬೇಡಿ. ಪಿಎಲ್‌ಎ (3ಡಿ ಪ್ರಿಂಟರ್‌ನ ಪ್ಲಾಸ್ಟಿಕ್) ಪ್ರಿಂಟ್ 60ರ ಹತ್ತಿರ ಮೆತ್ತಗಾಗುತ್ತೆ, ಬಲ್ಬ್ ಪಕ್ಕದ ಮೂಲೆ ಥರ್ಮಾಮೀಟರ್ ಹೇಳುವುದಕ್ಕಿಂತ ಬಿಸಿ ಇರುತ್ತೆ. ಸ್ಪ್ರೇ ಮಾಡುವಾಗ ಬಲ್ಬ್ ಆರಿಸಿ ದೂರ ಇಡಿ.

ಕ್ಯಾನ್ ಒಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೆ ಎರಡು ನಿಮಿಷ ಅಲ್ಲಾಡಿಸಿ. 20–25 ಸೆಂ.ಮೀ. ದೂರ. ಮಿನಿಯೇಚರ್‌ನ ಆಚೆ ಒತ್ತಲು ಶುರು ಮಾಡಿ, ದಾಟಿಸಿ, ಈಚೆ ಬಂದು ಬಿಡಿ. ಒಂದು ಬೀಸು ಒಂದು ಸೆಕೆಂಡಿಗಿಂತ ಕಡಿಮೆ. ಎರಡು ಮೂರು ಬೀಸು ಸಾಕು, ಮುಂದಿನ ಕೋಟಿಗೆ 20 ನಿಮಿಷ ಬಿಡಿ, ಮಧ್ಯೆ ಮತ್ತೆ ಬಿಸಿ ಡಬ್ಬಿಗೆ. ಒತ್ತಿ ಹಿಡಿದರೆ ಕ್ಯಾನ್ ಕೈಯಲ್ಲೇ ತಣ್ಣಗಾಗಿ, ಒತ್ತಡ ಇಳಿದು, ದಪ್ಪ ಹನಿ ಉಗುಳುತ್ತೆ.

ಕೊನೆಯ ಕೋಟು ಹೊಡೆದ ತಕ್ಷಣ 20 ಲೀಟರ್‌ನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಒಳಗೆ ಅರ್ಧ ಕಿಲೋ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ತಟ್ಟೆಯಲ್ಲಿ ಹರಡಿರಲಿ. ಜೆಲ್ ಕಡು ಹಸಿರಾದರೆ ನೀರು ಕುಡಿದಿದೆ ಎಂದು ಲೆಕ್ಕ. ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತೆ.

ಕುಂಚಮಿತ್ರ (ಉಡುಪಿ)

ಮೇಲಿನದು ಸರಿ, ಆದರೆ ಬಿಳಿ ಎಲ್ಲವೂ ತೇವದ ಬಿಳಿ ಅಲ್ಲ. ಭೂತಗನ್ನಡಿ ಹಿಡಿದು ನೋಡಿ. ಅಗಲ ಜಾಗದ ಮೇಲೆ ಹಾಲಿನಂಥ ಮಬ್ಬು ಒಂದೇ ಸಮ ಇದ್ದರೆ ತೇವ. ಸಂದುಗಳಲ್ಲಿ, ಬಟ್ಟೆಯ ಮಡಿಕೆಗಳಲ್ಲಿ ಮಾತ್ರ ಬಿಳಿ ತುಂಬಿದ್ದರೆ ಅದು ಮ್ಯಾಟ್ ಮಾಡುವ ಸಿಲಿಕಾ ಪುಡಿ. ಕ್ಯಾನ್ ಸಾಕಷ್ಟು ಅಲ್ಲಾಡಿಸಿಲ್ಲ ಅಥವಾ ಕೋಟು ದಪ್ಪ. ಇದು ಫೆಬ್ರವರಿಯಲ್ಲೂ ಆಗುತ್ತೆ. ಬೆರಳಿಗೆ ಮರಳು ಕಾಗದದ ಹಾಗೆ ತಾಗಿದರೆ ದೂರದಿಂದ ಹೊಡೆದು, ಹನಿ ಗಾಳಿಯಲ್ಲೇ ಒಣಗಿ ಕೂತಿದೆ. ಬಿಸಿ ಮಾಡ್ತೀನಿ ಅಂತ ಮಿನಿಯೇಚರ್ ಅತಿಯಾಗಿ ಕಾಯಿಸಿದರೂ ಇದೇ ಗತಿ.

ಈಗಾಗಲೇ ಬೆಳ್ಳಗಾದದ್ದಕ್ಕೆ: ಮೊದಲು ಒಂದು ದಿನ ಸಿಲಿಕಾ ಡಬ್ಬಿಯಲ್ಲಿ ಬಿಡಿ. ತೆಳು ಮಬ್ಬು ಕೆಲವೊಮ್ಮೆ ತಾನಾಗಿ ಇಳಿಯುತ್ತೆ. ಇಳಿಯದಿದ್ದರೆ ನೀರಿನಲ್ಲಿ ಬೆರೆಯೋ ಹೊಳಪಿನ (ಗ್ಲಾಸ್) ವಾರ್ನಿಶ್ ಎರಡು ಪಾಲು, ನೀರು ಒಂದು ಪಾಲು, ಮೆತ್ತನೆ ಕುಂಚದಲ್ಲಿ ತೆಳ್ಳಗೆ. ಅದು ಟೊಳ್ಳುಗಳಿಗೆ ಇಳಿದು ತುಂಬಿದಾಗ ಬಣ್ಣ ಮತ್ತೆ ಎದ್ದು ಕಾಣುತ್ತೆ. ಎರಡು ಮೂರು ಕೋಟು ಬೇಕಾಗಬಹುದು. ಪೂರ್ತಿ ಒಣಗಿದ ಮೇಲೆ ಹೊಳಪು ಇಳಿಸೋಕೆ ಕುಂಚದಲ್ಲೇ ಮ್ಯಾಟ್. ಯಾವುದಕ್ಕೂ ಮೊದಲು ಬೇಸ್‌ನ ಅಡಿ ಅಂಚಿನಲ್ಲಿ ಪರೀಕ್ಷೆ ಮಾಡಿ, ಮುಖದ ಮೇಲೆ ಬೇಡ.

ಆಲಿವ್ ಎಣ್ಣೆ ಹಚ್ಚಿ ಅಂತ ಎಲ್ಲ ಕಡೆ ಬರೆದಿರ್ತಾರೆ. ಬಿಳಿ ಮಾಯವಾಗೋದು ನಿಜ, ಆದರೆ ಆ ಎಣ್ಣೆ ಒಣಗೋ ಜಾತಿಯದ್ದಲ್ಲ. ಅದರ ಮೇಲೆ ಮುಂದಿನ ವಾರ್ನಿಶ್ ಹಿಡಿಯಲ್ಲ, ಧೂಳು ಮಾತ್ರ ಹಿಡಿಯುತ್ತೆ.

ಸಣ್ಣನಳಿಕೆ (ಬೆಂಗಳೂರು)

ಏರ್‌ಬ್ರಷ್ (ಕಂಪ್ರೆಸರ್ ಗಾಳಿಯಲ್ಲಿ ಬಣ್ಣ ಸಿಂಪಡಿಸೋ ಸಣ್ಣ ಗನ್) ಇದ್ದರೆ ಬೆಳ್ಳಗಾದದ್ದಕ್ಕೆ ಇನ್ನೊಂದು ದಾರಿ: ಅದರ ಮೇಲೆ ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಹಾಯಿಸೋದು. ಈ ಥಿನ್ನರ್‌ನಲ್ಲಿ ನಿಧಾನಕ್ಕೆ ಆರುವ ರಿಟಾರ್ಡರ್ ಇದೆ. ನೀರು ಹೋದ ಮೇಲೂ ರಾಳ ಕರಗೇ ಇರುವುದರಿಂದ ಕೋಟು ಮತ್ತೆ ಸಮವಾಗಿ ಕೂರುತ್ತೆ. 0.3 ಎಂಎಂ ನಳಿಕೆ, 15 ಪಿಎಸ್‌ಐ ಒತ್ತಡ, 15 ಸೆಂ.ಮೀ. ದೂರ, ಮಂಜು ಹಾಯಿಸಿದಷ್ಟು ಮಾತ್ರ. ಮೈ ಒದ್ದೆಯಾದರೆ ಕೆಳಗಿನ ಅಕ್ರಿಲಿಕ್ ಬಣ್ಣವೇ ಏಳುತ್ತೆ. ಆ ಬಿಳಿ ಮಬ್ಬು ಲ್ಯಾಕರ್ ವಾರ್ನಿಶ್‌ನದ್ದಾದರೆ ಮಾತ್ರ ಇದು. ಸಿಲಿಕಾ ಪುಡಿ ಕರಗೋ ವಸ್ತುವಲ್ಲ.

ಮಳೆಗಾಲ ಪೂರ್ತಿ ನೀರಿನ ಮ್ಯಾಟ್ ವಾರ್ನಿಶ್ ಏರ್‌ಬ್ರಷ್‌ನಲ್ಲಿ ಹೊಡೆಯೋದೇ ನನ್ನ ಪ್ರಕಾರ ವಾಸಿ. ಬೆಳ್ಳಗಾಗೋ ಭಯ ಬಹಳ ಕಡಿಮೆ. ಆದರೆ ಆರೋಕೆ ತುಂಬಾ ಹೊತ್ತು ಹಿಡಿಯುತ್ತೆ, ಅಂಟಂಟು ಇರುವಾಗ ಮುಟ್ಟಿದರೆ ಬೆರಳಚ್ಚು ಖಾಯಂ. ಕಂಪ್ರೆಸರ್ ಹೀರೋ ಗಾಳಿಯಲ್ಲೇ ನೀರಿರುತ್ತೆ, ಟ್ಯಾಂಕಿನಲ್ಲಿ ಕೂರುತ್ತೆ. ವಾಟರ್ ಟ್ರ್ಯಾಪ್ (ಗಾಳಿಯ ನೀರು ಹಿಡಿಯೋ ಫಿಲ್ಟರ್) ಹಾಕಿ, ಪ್ರತಿ ಸಲ ಕೆಲಸ ಮುಗಿದ ಮೇಲೆ ಟ್ಯಾಂಕಿನ ಅಡಿಯ ತಿರುಪು ಬಿಚ್ಚಿ ಬಸಿಯಿರಿ.

ಪುಟ್ಟಸೈನ್ಯ (ಮಂಗಳೂರು)

ಮಬ್ಬು ಒಂದೇ ಸಮ ಇದೆ, ಸಂದಿನಲ್ಲಿ ತುಂಬಿಲ್ಲ. ಅಂದರೆ ತೇವವೇ. ಒಂದು ಸಂಶಯ: ಎಸಿ ರೂಮಿನಲ್ಲಿ 24 ಡಿಗ್ರಿ, 55% ತೋರಿಸುತ್ತೆ. ಅಲ್ಲೇ ಹೊಡೆದರೆ ಈ ಬಲ್ಬ್, ಡಬ್ಬಿ ಯಾವುದೂ ಬೇಡ ಅಲ್ವಾ?

ತೆಳುಕೋಟು

ತೇವದ ಲೆಕ್ಕಕ್ಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಡ್ಯೂ ಪಾಯಿಂಟ್ 14ರ ಆಸುಪಾಸು. ಆದರೆ ಬೇಡ ಮಾರಾಯ್ರೇ. ಆ ಗ್ಯಾಸ್ ಹೆಚ್ಚಾಗಿ ಪ್ರೊಪೇನ್, ಬ್ಯುಟೇನ್ ಅಥವಾ ಡೈಮೀಥೈಲ್ ಈಥರ್. ಮೂರೂ ಹೊತ್ತಿಕೊಳ್ಳುತ್ತವೆ, ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಬಾಗಿಲ ಸಂದಿನಿಂದ ಪಕ್ಕದ ಕೋಣೆಗೂ ಹೋಗುತ್ತವೆ. ಅಲ್ಲಿ ದೇವರ ದೀಪವೋ ಗ್ಯಾಸ್ ಒಲೆಯೋ ಉರಿಯುತ್ತಿದ್ದರೆ? ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತೆ, ಆಚೆ ಹಾಕಲ್ಲ. ಎನ್95 ಮಾಸ್ಕ್ ಹನಿ ತಡೆದೀತು, ಸಾಲ್ವೆಂಟ್ ಆವಿ ತಡೆಯಲ್ಲ. ಬಾಲ್ಕನಿಯಲ್ಲೂ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ಸಾಲ್ವೆಂಟ್ ಆವಿ ಹಿಡಿಯೋ ಫಿಲ್ಟರ್) ಇರುವ ಮಾಸ್ಕೇ ಹಾಕಿ. ನೀರಿನ ವಾರ್ನಿಶ್ ಕುಂಚದಲ್ಲಿ ಹಚ್ಚೋದಾದರೆ ಮಾತ್ರ ಎಸಿ ರೂಮು.

ಕುಂಚಮಿತ್ರ (ಉಡುಪಿ)

ಈ ಲೆಕ್ಕವೆಲ್ಲ ನಿಂತಿರೋದು ಮೀಟರ್ ಮೇಲೆ, ಅಗ್ಗದ ಡಿಜಿಟಲ್ ಮೀಟರ್ ಐದು ಶೇಕಡಾ ಆಚೀಚೆ ಹೇಳೋದು ಮಾಮೂಲು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಮಾತ್ರ ನೀರು ಬೆರೆಸಿ, ಪೂರ್ತಿ ಕರಗಬಾರದು. ಮೀಟರ್ ಜೊತೆ ಜಿಪ್ ಕವರ್‌ನಲ್ಲಿಟ್ಟು ಎಂಟು ಗಂಟೆ ಬಿಡಿ. ಒಳಗಿನ ತೇವಾಂಶ 75% ಆಗುತ್ತೆ. ಮೀಟರ್ 70 ತೋರಿಸಿದರೆ ಅದು ಹೇಳೋದಕ್ಕೆಲ್ಲ 5 ಸೇರಿಸಿಕೊಂಡು ಓದಿ.