ಮನೆ ಕೂಟದಲ್ಲಿ ಬಾಯಿಬಿಟ್ಟು ಪ್ರಾರ್ಥನೆ ಮಾಡಲು ಭಯ. ಈಗ ನಾನೇ ನಡೆಸಬೇಕಂತೆ!

ಬೆಟಗೇರಿ ಕಂಡಕ್ಟರ್:

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ನಾನು ಸರ್ಕಾರಿ ಬಸ್ ಕಂಡಕ್ಟರ್. ಗದಗ–ಹುಬ್ಬಳ್ಳಿ ರೂಟ್. ಹುಲಕೋಟಿ, ಅಣ್ಣಿಗೇರಿ ಬಂತೆಂದರೆ ಕೊನೇ ಸೀಟಿನಲ್ಲಿ ನಿದ್ದೆ ಹೊಡೆಯುವವನೂ ಎದ್ದು ಕೂರುವ ಹಾಗೆ ಕೂಗುತ್ತೇನೆ. ಶಕ್ತಿ ಯೋಜನೆ ಬಂದ ಮೇಲಂತೂ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಗದ್ದಲದಲ್ಲೂ ಚಿಲ್ಲರೆಗೆ ಜಗಳ ಆಡುತ್ತೇನೆ, ನಾಚಿಕೆ ಗೀಚಿಕೆ ಏನೂ ಇಲ್ಲ.

ಆದರೆ ಮನೆ ಕೂಟದಲ್ಲಿ ಚಾಪೆ ಮೇಲೆ ಕೂತು, ಹತ್ತು ಜನರ ಮುಂದೆ ಪ್ರಾರ್ಥನೆ ಮಾಡಿ ಎಂದರೆ ಗಂಟಲು ಕಟ್ಟುತ್ತದೆ.

ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ನಮ್ಮ ಸಭೆಯವರು ಬುಧವಾರ, ಶುಕ್ರವಾರ ಒಂದೊಂದು ಮನೆಯಲ್ಲಿ ಸೇರುತ್ತೇವೆ. ಹಾಡು, ವಾಕ್ಯ ಎಲ್ಲ ಚೆನ್ನಾಗಿಯೇ ಇರುತ್ತದೆ. ಆಮೇಲೆ ಚೈನ್ ಪ್ರೇಯರ್. ಬಾಗಿಲ ಹತ್ತಿರ ಕೂತವರಿಂದ ಶುರುವಾಗಿ ಒಬ್ಬೊಬ್ಬರಾಗಿ ಬರುತ್ತದೆ. ನನ್ನ ಸರದಿಗೆ ಇನ್ನು ಎಷ್ಟು ಜನ ಇದ್ದಾರೆ ಅಂತ ಕಣ್ಣು ಅರ್ಧ ತೆರೆದು ಎಣಿಸುತ್ತಿರುತ್ತೇನೆ. ಪಕ್ಕದವರು ಏನು ಬೇಡಿಕೊಂಡರೋ ಒಂದೂ ಕಿವಿಗೆ ಬಿದ್ದಿರುವುದಿಲ್ಲ. ಕಿವಿ ಬಿಸಿಯಾಗುತ್ತದೆ, ಅಂಗೈ ಬೆವರುತ್ತದೆ. ಎಷ್ಟೋ ಸಲ ಫೋನ್ ಬಂತೆಂದು ನೆಪ ಹೇಳಿ ಹೊರಗೆ ಹೋಗಿ ಚಪ್ಪಲಿ ಬಿಟ್ಟ ಜಾಗದಲ್ಲಿ ನಿಂತಿದ್ದೇನೆ. ನಮ್ಮಲ್ಲಿ ಕೆಲವರು ಪ್ರಾರ್ಥನೆ ಮಾಡಿದರೆ ಕೇಳುತ್ತಾ ಇರಬೇಕು ಅನ್ನಿಸುತ್ತದೆ, ಅಷ್ಟು ಚೆಂದ. ಅವರ ನಂತರ ನಾನು ಏನು ಹೇಳಲಿ?

ಈಗ ಸಭಾಪಾಲಕರು ಬರುವ ವಾರದ ಶುಕ್ರವಾರದ ಕೂಟ ನಮ್ಮ ಮನೆಗೆ ಹಾಕಿದ್ದಾರೆ. "ನಾನು ಬರುತ್ತೇನೆ, ಆದರೆ ನಡೆಸುವುದು ನೀವೇ" ಅಂದಿದ್ದಾರೆ. ಸುಮ್ನೆ ಆಗಲ್ಲ ಅಂದುಬಿಡುತ್ತಿದ್ದೆ. ಆದರೆ ಒಂದು ವಿಷಯ ಇದೆ. ನನ್ನ ಜೊತೆ ಇದೇ ರೂಟಿನಲ್ಲಿ ಬಹಳ ಕಾಲ ಕೆಲಸ ಮಾಡಿದ ಡ್ರೈವರ್ ಒಬ್ಬರು, ಈಗ ರಿಟೈರ್ಡ್. ಕಿಡ್ನಿ ಹೋಗಿದೆ, ಡಯಾಲಿಸಿಸ್ ನಡೆಯುತ್ತಿದೆ. ಅವರು ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ಮೊನ್ನೆ ನೋಡಲು ಹೋದಾಗ ಅವರೇ ಕೇಳಿದರು: "ನಿಮ್ಮ ದೇವ್ರ ಮುಂದ ನನ್ನ ಹೆಸರೊಂದಿಷ್ಟು ತಗಿಯೋ ತಮ್ಮಾ." ಕೂಟಕ್ಕೂ ಬರುತ್ತಾರಂತೆ.

ನನ್ನ ಹೆಂಡತಿ ನಗುತ್ತಾಳೆ. "ಬಸ್ಸಿನ್ಯಾಗ ಗಂಟಲ ಹರ್ಕೊಂತೀರಿ, ದೇವ್ರ ಮುಂದ ಬಾಯಿ ಬರಂಗಿಲ್ಲೇನು?"

ಭಯ ಹೋಗಲು ಏನು ಮಾಡಬೇಕು, ತಿಳಿದವರು ಹೇಳಿ.

ಯೂತ್ ಲೀಡರ್, ಬೆಂಗಳೂರು:

ಬ್ರದರ್, ಪ್ರೈಸ್ ದಿ ಲಾರ್ಡ್! 2 ತಿಮೊಥೆಯ 1:7 ಬಾಯಿಪಾಠ ಮಾಡಿ. ದೇವರು ನಮಗೆ ಹೇಡಿತನದ ಆತ್ಮ ಕೊಟ್ಟಿಲ್ಲ. ಭಯ ಸೈತಾನನಿಂದ ಬರುವುದು. ಒಂದು ದಿನ ಉಪವಾಸ ಇದ್ದು ಅದನ್ನು ಗದರಿಸಿ, ಓಡಿಹೋಗುತ್ತದೆ. ಆಮೇಲೆ ನಿಮ್ಮನ್ನು ನಿಲ್ಲಿಸುವವರೇ ಇರುವುದಿಲ್ಲ. ಆಮೆನ್.

ಬಲ್ಮಠದವನು:

ಬೆಟಗೇರಿಯವರು ಅಂದಿರಲ್ಲ, ಅಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರ ಕೆಲಸ ಶುರುವಾದದ್ದೇ 1841ರಲ್ಲಿ. ಅಷ್ಟು ಹಳೇ ಬೇರು ನಿಮ್ಮದು. ನಮ್ಮ ಮಂಗಳೂರಿನ ಆನಂದರಾವ್ ಕೌಂಡಿನ್ಯರನ್ನು ನೆನಪು ಮಾಡಿಕೊಳ್ಳಿ. ಸಾರಸ್ವತ ಮನೆತನದ ಹುಡುಗ, 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಾಗ ಇಪ್ಪತ್ತೂ ತುಂಬಿರಲಿಲ್ಲ. ಆಮೇಲೆ ಹಡಗು ಹತ್ತಿ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಬೋಧಕ ದೀಕ್ಷೆ ಪಡೆದರು. ಮನೆ, ಜಾತಿ ಎಲ್ಲದರ ಎದುರು ನಿಂತರು. ನಮಗೆ ಕೇಳಿರುವುದು ಒಂದು ಮನೆ ಕೂಟ, ಅಷ್ಟೇ. ಧೈರ್ಯ ತಂದುಕೊಳ್ಳಿ.

ರಿಟೈರ್ಡ್ ಟೀಚರ್, ಧಾರವಾಡ:

ಬಲ್ಮಠದವರೇ, ಕೌಂಡಿನ್ಯರು ದೊಡ್ಡವರು, ಎರಡು ಮಾತಿಲ್ಲ. ಆದರೆ ಮೊದಲೇ ಬೆವರುತ್ತಿರುವ ಮನುಷ್ಯನ ಮುಂದೆ ಅವರನ್ನು ತಂದು ನಿಲ್ಲಿಸಿದರೆ ಇನ್ನೂ ಜಾಸ್ತಿ ಬೆವರುತ್ತಾನೆ!

ಯೂತ್ ಲೀಡರ್ ತಮ್ಮಾ, ನೀನು ಹೇಳಿದ ವಚನ ಒಳ್ಳೆಯದು. ಅದು ಯಾರಿಗೆ ಬರೆದದ್ದು ನೋಡು. ಆಗಲೇ ಸಭೆ ನೋಡಿಕೊಳ್ಳುತ್ತಿದ್ದ ತಿಮೊಥೆಯನಿಗೆ. ಅವನಿಗೆ ಪದೇ ಪದೇ ಹೊಟ್ಟೆನೋವು, ಅಸ್ವಸ್ಥತೆ. ಅದೂ ಬೈಬಲಿನಲ್ಲೇ ಇದೆ, 1 ತಿಮೊಥೆಯ 5:23. ಬರೆದ ಪೌಲನೇನು ಕಡಿಮೆಯೇ? ಕೊರಿಂಥಕ್ಕೆ ಬಂದಾಗ ನಡುಗುತ್ತಾ ಬಂದೆ ಎಂದು ತಾನೇ ಬರೆದಿದ್ದಾನೆ, 1 ಕೊರಿಂಥ 2:3. ಅದೇ ಊರಿನಲ್ಲಿ ರಾತ್ರಿ ದರ್ಶನದಲ್ಲಿ ಕರ್ತನು ಅವನಿಗೆ "ಹೆದರಬೇಡ, ಮಾತಾಡು" ಎಂದು ಹೇಳಬೇಕಾಯಿತು. ಇವರನ್ನೆಲ್ಲ ಸೈತಾನನ ಲೆಕ್ಕಕ್ಕೆ ಬರೆಯುತ್ತೀಯಾ?

ಈಗ ಕಂಡಕ್ಟರ್ ಸಾಹೇಬರೇ, ನಿಮಗೆ. ಭಯ ಹೋಗಲು ಏನು ಮಾಡಬೇಕು ಎಂದು ಕೇಳಿದ್ದೀರಿ. ಶುಕ್ರವಾರದ ಒಳಗೆ ಅದು ಹೋಗುವುದಿಲ್ಲ, ಆ ಆಸೆ ಬಿಡಿ. ಗಿದ್ಯೋನನಿಗೆ ಬಾಳನೆಂಬ ಅನ್ಯದೇವರ ಬಲಿಪೀಠ ಕೆಡವು ಎಂದು ದೇವರು ಹೇಳಿದಾಗ, ಮನೆಯವರಿಗೂ ಊರವರಿಗೂ ಹೆದರಿ ಅವನು ಹಗಲು ಬಿಟ್ಟು ರಾತ್ರಿ ಆ ಕೆಲಸ ಮಾಡಿದ. ನ್ಯಾಯಸ್ಥಾಪಕರು 6:27 ಓದಿ. ರಾತ್ರಿ ಯಾಕೆ ಮಾಡಿದೆ ಎಂದು ದೇವರು ಬೈಯಲಿಲ್ಲ. ಬಲಿಪೀಠ ಬಿತ್ತು, ಅಷ್ಟೇ. ನೀವೂ ಹೆದರಿಕೊಂಡೇ ಮಾಡಿ. ಆದರೆ ಕೆಲಸವನ್ನು ಚಿಕ್ಕದು ಮಾಡಿಕೊಳ್ಳಿ.

ಹೇಗೆ ಅಂದರೆ, ನಡೆಸುವವರು ನೀವೇ ಅಂದ ಮೇಲೆ ಚೈನ್ ಪ್ರೇಯರ್ ಬೇಡ ಅನ್ನುವ ಅಧಿಕಾರವೂ ನಿಮ್ಮದೇ ಅಲ್ವಾ! ನಿಮಗೆ ಬೇಕಾದ ಹಾಡು ಆರಿಸಿ. ಕೀರ್ತನೆ 121 ಎಲ್ಲರೂ ಸೇರಿ ಓದಲಿ, ಒಂದು ವಚನ ನೀವು, ಒಂದು ವಚನ ಅವರು. ಎಂಟೇ ವಚನ. ಆ ಕೀರ್ತನೆಯನ್ನೇ ಯಾಕೆ ಹೇಳುತ್ತೇನೆ ಎಂದರೆ, ಕೊನೆಯಲ್ಲಿ ಹೋಗುವಾಗಲೂ ಬರುವಾಗಲೂ ದೇವರು ಕಾಯುತ್ತಾನೆ ಎಂದಿದೆ. ನಿಮ್ಮ ಡ್ರೈವರ್ ಅಣ್ಣನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಸಂಗ ಬೇಡ. ಸಭಾಪಾಲಕರು ಇರುತ್ತಾರಲ್ಲ, ಬೇಕಾದರೆ ಅವರು ಎರಡು ಮಾತು ಹೇಳಲಿ. ಆಮೇಲೆ ನೀವು ಒಬ್ಬರೇ ಪ್ರಾರ್ಥನೆ ಮಾಡಿ, ಕೊನೆಗೆ ಎಲ್ಲರೂ ಸೇರಿ ಪರಲೋಕದ ಪ್ರಾರ್ಥನೆ. ಅರ್ಧ ಗಂಟೆಯೂ ಆಗುವುದಿಲ್ಲ.

ನಿಮ್ಮ ಪ್ರಾರ್ಥನೆಯನ್ನು ಬರೆದುಕೊಂಡು ಓದಿ. ಓದಿದರೆ ಅದು ಪ್ರಾರ್ಥನೆಯೇ ಅಲ್ಲ ಎಂದು ಯಾರಾದರೂ ಮೂಗು ಮುರಿದರೆ, ಭಾನುವಾರ ಆರಾಧನೆಯಲ್ಲಿ ಕೈಯಲ್ಲಿ ಪುಸ್ತಕ ಹಿಡಿದು ನಾವೆಲ್ಲ ಏನು ಮಾಡುತ್ತೇವೆ ಎಂದು ಕೇಳಿ. ಶಿಷ್ಯರು ಬಂದು ನಮಗೆ ಪ್ರಾರ್ಥನೆ ಕಲಿಸು ಎಂದಾಗ ಯೇಸುಸ್ವಾಮಿ ಕೊಟ್ಟದ್ದು ಬಾಯಿಪಾಠ ಮಾಡಬಹುದಾದ ನಾಲ್ಕು ಸಾಲು.

ಚೆಂದದ ಪ್ರಾರ್ಥನೆಯ ವಿಷಯಕ್ಕೆ ಬಂದರೆ, ಸಮುವೇಲನ ತಾಯಿ ಹನ್ನ ಶಿಲೋವಿನಲ್ಲಿ ಪ್ರಾರ್ಥಿಸಿದಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು, ದನಿಯೇ ಇರಲಿಲ್ಲ. ಯಾಜಕ ಏಲಿ ಈಕೆ ಕುಡಿದು ಬಂದಿದ್ದಾಳೆ ಅಂದುಕೊಂಡ! ಮನುಷ್ಯರ ಕಿವಿಗೆ ಅಷ್ಟೇ ಗೊತ್ತಾಗುವುದು. ಪೇತ್ರ ನೀರಿನ ಮೇಲೆ ನಡೆದದ್ದನ್ನು ಎಲ್ಲರೂ ಹೇಳುತ್ತಾರೆ. ಮುಳುಗುವಾಗ ಅವನು ಮಾಡಿದ ಪ್ರಾರ್ಥನೆ ಎಷ್ಟುದ್ದ ಇತ್ತು? ಸ್ವಾಮೀ, ಕಾಪಾಡು. ಯೇಸು ಕೈಚಾಚಿ ಹಿಡಿಯಲು ಅಷ್ಟೇ ಸಾಕಾಯಿತು.

ನಾನು ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ಕಲಘಟಗಿ ಕಡೆಯ ಹುಡುಗನೊಬ್ಬ ಇದ್ದ. ಅವನ ಸರದಿ ಬಂದರೆ, "ದೇವ್ರೇ, ನಮ್ಮ ಎಮ್ಮಿ ಕಾಲು ಛಲೋ ಮಾಡು, ಆಮೆನ್." ಉಳಿದ ಮಕ್ಕಳು ನಗುತ್ತಿದ್ದರು. ಅವನು ಮುಂದಿನ ವಾರವೂ ಅದನ್ನೇ ಹೇಳುತ್ತಿದ್ದ. ಎಮ್ಮೆ ಕಾಲು ಇನ್ನೂ ನೆಟ್ಟಗಾಗಿಲ್ಲ, ಅವನೇನು ಮಾಡಬೇಕು? ನಿಮಗೂ ಈಗ ಹೇಳಲು ಒಂದು ವಿಷಯ ಇದೆ, ಒಬ್ಬ ಮನುಷ್ಯ ಇದ್ದಾನೆ. ಅವನ ಹೆಸರು ಹೇಳಿ.

ಬೆಟಗೇರಿ ಕಂಡಕ್ಟರ್:

ಟೀಚರ್, ಓದಿ ಮನಸ್ಸು ಹಗುರ ಆಯಿತು. ಚೈನ್ ಪ್ರೇಯರ್ ಬಿಡಬಹುದು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಹೆಂಡತಿಗೂ ಓದಿ ಹೇಳಿದೆ.

ಇನ್ನೊಂದು ಅಳುಕು ಇದೆ. ಡ್ರೈವರ್ ಅಣ್ಣನ ಮುಂದೆ ಏನು ಬೇಡಿಕೊಳ್ಳಲಿ? ನಮ್ಮ ಸಭೆಯಲ್ಲೇ ಒಬ್ಬರು "ಪೂರ್ತಿ ಗುಣವಾಗುತ್ತದೆ ಎಂದು ಧೈರ್ಯವಾಗಿ ಘೋಷಿಸು" ಅನ್ನುತ್ತಿದ್ದಾರೆ. ಹಾಗೆ ಹೇಳಿ ಆಗದಿದ್ದರೆ? ಹೇಳದಿದ್ದರೆ ನನಗೆ ನಂಬಿಕೆ ಇಲ್ಲ ಎಂದಾಗುತ್ತದಾ? ಇನ್ನು ಅವರು ಬೇರೆಯವರು, ಮತಾಂತರ ಅದು ಇದು ಎಂದು ಓಣಿಯಲ್ಲಿ ಯಾರಾದರೂ ಮಾತಾಡಿದರೆ ಅವರಿಗೇ ತೊಂದರೆ ಅಲ್ವಾ?

ಡಯಾಲಿಸಿಸ್ ಸಿಸ್ಟರ್, ಉಡುಪಿ:

ನಾನು ಡಯಾಲಿಸಿಸ್ ವಾರ್ಡಿನಲ್ಲಿ ನರ್ಸ್. ಹಾಗಾಗಿ ಈ ವಿಷಯಕ್ಕೆ ಬಾಯಿ ಹಾಕುತ್ತೇನೆ.

ಮೊದಲು, ಯಾವ ದಿನ ಡಯಾಲಿಸಿಸ್ ಎಂದು ಕೇಳಿ. ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಮುಗಿದ ದಿನ ಸಂಜೆ ತುಂಬಾ ಸುಸ್ತು, ತಲೆಸುತ್ತು ಇರುತ್ತದೆ. ಆ ದಿನ ಕೂಟ ಇಟ್ಟರೆ ಪಾಪ, ಮರ್ಯಾದೆಗೆ ಬಂದು ಕೂರುತ್ತಾರೆ, ಅಷ್ಟೇ. ಚಾಪೆ ಮೇಲೆ ಕೂರಿಸಬೇಡಿ, ಬೆನ್ನು ಇರುವ ಕುರ್ಚಿ ಕೊಡಿ. ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳ ಜೋಡಿಸಿದ ಜಾಗ) ಇದ್ದರೆ ಪ್ರೀತಿಯಿಂದ ಆ ಕೈ ಗಟ್ಟಿಯಾಗಿ ಹಿಡಿಯಬೇಡಿ. ಕೂಟ ಮುಗಿದ ಮೇಲೆ ಉಪಚಾರ ಎಂದು ಎಳನೀರು, ಬಾಳೆಹಣ್ಣು ಕೊಡಲೇಬೇಡಿ. ಅವುಗಳಲ್ಲಿ ಪೊಟ್ಯಾಶಿಯಂ ಜಾಸ್ತಿ, ಅದು ಏರಿದರೆ ಹೃದಯಕ್ಕೇ ಅಪಾಯ. ನೀರು, ಚಹಾ ಕೂಡ ಅವರಿಗೆ ಅಳತೆ ಇರುತ್ತದೆ. "ಇನ್ನರ್ಧ ಕಪ್ ಕುಡೀರಿ" ಎಂದು ಒತ್ತಾಯ ಮಾಡುವುದು ನಮ್ಮವರ ಅಭ್ಯಾಸ, ಅಂದು ಬೇಡ.

ಪ್ರಾರ್ಥನೆಯ ವಿಷಯ. "ಏನು ಬೇಡಿಕೊಳ್ಳಲಿ ಅಣ್ಣಾ?" ಎಂದು ಅವರನ್ನೇ ಕೇಳಿ. ವಾರ್ಡಿನಲ್ಲಿ ನಾನು ಕೇಳಿದಾಗ ಗುಣ ಆಗಲಿ ಎನ್ನುವವರು ಇದ್ದಾರೆ. ಆದರೆ ರಾತ್ರಿ ನಿದ್ದೆ ಬರಲಿ, ಮಗಳ ಮದುವೆ ನೋಡುವಂತಾಗಲಿ, ಸೂಜಿ ಒಂದೇ ಸಲಕ್ಕೆ ಸರಿಯಾಗಿ ಹೋಗಲಿ, ಇಂಥದ್ದೇ ಹೆಚ್ಚು. ಗುಣವಾಯಿತು ಎಂದು ಘೋಷಿಸುವುದನ್ನು ಕೇಳಿ ಡಯಾಲಿಸಿಸ್ ಬಿಟ್ಟವರು ಉಸಿರಾಡಲು ಆಗದೆ ಎಮರ್ಜೆನ್ಸಿಗೆ ಬಂದದ್ದನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಗುಣಕ್ಕಾಗಿ ಬೇಡಿಕೊಳ್ಳಿ, ಮಾತು ಮಾತ್ರ ಕೊಡಬೇಡಿ.

ಯೂತ್ ಲೀಡರ್, ಬೆಂಗಳೂರು:

ಸಿಸ್ಟರ್, ಔಷಧಿ ಬಿಡಿ ಎಂದು ನಾನೂ ಹೇಳುವುದಿಲ್ಲ. ಆದರೆ ದೇವರು ಗುಣಮಾಡುತ್ತಾನೆ ಎಂದು ನಂಬಿ ಹೇಳುವುದರಲ್ಲಿ ತಪ್ಪೇನು? ಹೀಗೆ ಲೆಕ್ಕ ಹಾಕಿಕೊಂಡು ಪ್ರಾರ್ಥಿಸಿದರೆ ನಂಬಿಕೆಯ ಹೆಜ್ಜೆ ಎಲ್ಲಿ ಉಳಿಯಿತು?

ರಿಟೈರ್ಡ್ ಟೀಚರ್, ಧಾರವಾಡ:

ನಂಬು ತಮ್ಮಾ, ಬೇಡ ಅಂದವರು ಯಾರು? ಪೌಲನೂ ನಂಬಿದ್ದ. ಶರೀರದಲ್ಲಿದ್ದ ಮುಳ್ಳು ತೆಗೆ ಎಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಆ ಉತ್ತರ ಕೊಡುವುದು ದೇವರ ಕೆಲಸ. ಅದನ್ನು ಕಂಡಕ್ಟರ್ ಮನೆಯ ಪಡಸಾಲೆಯಲ್ಲಿ ನಾವು ಮುಂಚಿತವಾಗಿ ಹೇಳಿಬಿಡುವುದು ಬೇಡ.

ಓಣಿಯವರ ಮಾತಿಗೆ: ಅವರಾಗಿಯೇ ಕೇಳಿಕೊಂಡದ್ದು, ಅವರಾಗಿಯೇ ಬರುತ್ತಿರುವುದು. ಆದರೂ ಮೊದಲು ಅವರ ಮನೆಗೆ ಹೋಗಿ, ಹೆಂಡತಿ ಮಕ್ಕಳ ಮುಂದೆಯೇ ಇನ್ನೊಮ್ಮೆ ಕರೆಯಿರಿ. ಮನೆಯವರಿಗೆ ಇಷ್ಟ ಇಲ್ಲ ಎಂದು ಕಂಡರೆ ಒತ್ತಾಯ ಬೇಡ, ನೀವು ನಿಮ್ಮ ಮನೆಯಲ್ಲಿ ಅವರ ಹೆಸರು ಹೇಳಿ. ಅವರು ಬಂದರೆ ಬಂದ ಮನುಷ್ಯನಿಗೆ ಪ್ರಸಂಗ ಮಾಡಲು ಯಾರನ್ನೂ ಬಿಡಬೇಡಿ. ಸಭಾಪಾಲಕರಿಗೆ ಮೊದಲೇ ಹೇಳಿಡಿ.

ಬೆಟಗೇರಿ ಕಂಡಕ್ಟರ್:

ಇವತ್ತು ಡ್ಯೂಟಿ ಮುಗಿಸಿ ಅವರ ಮನೆಗೆ ಹೋಗಿದ್ದೆ. ಡಯಾಲಿಸಿಸ್ ಸೋಮವಾರ, ಬುಧವಾರ, ಶುಕ್ರವಾರ. ಸಿಸ್ಟರ್ ಹೇಳಿದ್ದು ಒಳ್ಳೆಯದೇ ಆಯಿತು. ಅವರ ಹೆಂಡತಿಯೂ ಬರುತ್ತೇನೆ ಅಂದರು. ಏನು ಬೇಡಿಕೊಳ್ಳಲಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಲಗಿದ್ರ ಕಾಲು ಸೆಳೀತಾವು, ಒಂದು ರಾತ್ರಿ ನಿದ್ದಿ ಆಗ್ಲಿ. ಆಮ್ಯಾಲೆ ನಮ್ಮ ಹುಡುಗಗ ಕೆಲಸ" ಅಂದರು.

ಹಳೇ ವೇ ಬಿಲ್ (ನಮ್ಮ ಟಿಕೆಟ್ ಲೆಕ್ಕದ ಹಾಳೆ) ಹಿಂಭಾಗದಲ್ಲಿ ಬರೆದುಕೊಂಡಿದ್ದೇನೆ. ಟೀಚರ್, ತಿದ್ದುವುದಿದ್ದರೆ ತಿದ್ದಿ:

"ಪರಲೋಕದಲ್ಲಿರುವ ತಂದೆಯೇ, ನಮ್ಮ ಅಣ್ಣನನ್ನು ನಿನ್ನ ಮುಂದೆ ತಂದಿದ್ದೇವೆ. ಎಷ್ಟೋ ಸಾವಿರ ಜನರನ್ನು ಅವರು ಊರು ಮುಟ್ಟಿಸಿದ್ದಾರೆ. ಈಗ ಅವರಿಗೆ ಕಷ್ಟ ಇದೆ. ಗುಣಮಾಡು. ರಾತ್ರಿ ನಿದ್ದೆ ಕೊಡು. ಕಾಲು ನೋವು ಕಡಿಮೆ ಮಾಡು. ಮಗನಿಗೆ ಕೆಲಸ ಸಿಗಲಿ. ನೋಡಿಕೊಳ್ಳುತ್ತಿರುವ ಅಕ್ಕನಿಗೆ ಶಕ್ತಿ ಕೊಡು, ಆಸ್ಪತ್ರೆಯವರ ಕೈ ಸರಿಯಾಗಿ ನಡೆಸು. ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ, ಆಮೆನ್."

ಹೆಂಡತಿಯ ಮುಂದೆ ಓದಿದೆ. ಮಧ್ಯದಲ್ಲಿ ದನಿ ನಡುಗಿತು. ಅವಳು ಈ ಸಲ ನಗಲಿಲ್ಲ.

ರಿಟೈರ್ಡ್ ಟೀಚರ್, ಧಾರವಾಡ:

ಒಂದಕ್ಷರ ತಿದ್ದುವುದಿಲ್ಲ. ಅಣ್ಣ ಎಂದಿರುವ ಕಡೆ ಅವರ ಹೆಸರು ಹಾಕಿ. ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ, ಕರೆಂಟ್ ಹೋದರೆ ಟಾರ್ಚ್ ಇರಲಿ. ದನಿ ನಡುಗಿದರೆ ನಿಲ್ಲಿಸಿ, ಉಸಿರು ತೆಗೆದುಕೊಂಡು ಮುಂದಿನ ಸಾಲು ಓದಿ. ಯಾರೂ ಎದ್ದು ಹೋಗುವುದಿಲ್ಲ.

ಡಯಾಲಿಸಿಸ್ ಸಿಸ್ಟರ್, ಉಡುಪಿ:

ಕಾಲು ಸೆಳೆತ ಡಯಾಲಿಸಿಸ್‌ನವರಿಗೆ ಬರುತ್ತದೆ. ಮುಂದಿನ ಸಲ ಅಲ್ಲಿಯ ಡಾಕ್ಟರಿಗೆ ತಪ್ಪದೆ ಹೇಳಲು ಹೇಳಿ. ಎಷ್ಟೋ ಜನ ಇದನ್ನೇನು ಹೇಳುವುದು ಎಂದು ಸುಮ್ಮನಿದ್ದುಬಿಡುತ್ತಾರೆ.

ಬೆಟಗೇರಿ ಕಂಡಕ್ಟರ್:

ಹೇಳುತ್ತೇನೆ ಸಿಸ್ಟರ್. ಸಭಾಪಾಲಕರ ಜೊತೆ ಮಾತಾಡಿದೆ, ನಮ್ಮ ಮನೆಯದ್ದು ಶುಕ್ರವಾರದ ಬದಲು ಗುರುವಾರಕ್ಕೆ ಹಾಕಿಕೊಟ್ಟರು. ಏಳೂವರೆಗೆ. ಹುಬ್ಬಳ್ಳಿ ಟ್ರಿಪ್ ಲೇಟಾದರೆ ನಾನು ಬರುವ ತನಕ ಹಾಡುತ್ತಿರಿ ಎಂದು ಹೇಳಿದ್ದೇನೆ. ಕುರ್ಚಿ ಪಕ್ಕದ ಮನೆಯಿಂದ ತರುತ್ತೇವೆ, ನಮ್ಮಲ್ಲಿರುವುದು ಬರೀ ಪ್ಲಾಸ್ಟಿಕ್ ಸ್ಟೂಲ್.