ಡ್ರೋನ್ ಫೋಟೋದಲ್ಲಿ ಅರ್ಧ ಅಡಿಕೆ ಮರ ಮಾಯ, ಯಾರಾದ್ರೂ ನೋಡಿ

ತೋಟಿಗ_ಶಿರಸಿ: ಮೂರನೇ ಸಲ ಹಾರಿಸಿದ್ದು. ತಲೆ ಕೆಟ್ಟುಹೋಗಿದೆ. ಎರಡು ಎಕರೆ, 1100ರ ಆಸುಪಾಸು ಮರ. ಎಣಿಸುವ ಸಾಫ್ಟ್‌ವೇರ್ 640 ಅನ್ನುತ್ತದೆ. ಫೋಟೋ ಎಲ್ಲ ಮಬ್ಬು. ಡ್ರೋನ್ ಫ್ಯಾಂಟಮ್ 4 ಪ್ರೊ, 60 ಮೀಟರ್ ಎತ್ತರ. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಸರಿಯಾಗಿಯೇ ಇದೆ.

ರೆಕ್ಕೆರಾಜ: ಪ್ರೊಪೆಲ್ಲರ್ ಬ್ಯಾಲೆನ್ಸ್, ರೆಕ್ಕೆಗಳ ತೂಕ ಸಮ ಇಲ್ಲದೆ ನಡುಗುತ್ತಿದೆ. ಕಣ್ಣು ಮುಚ್ಚಿ ಹೇಳುತ್ತೇನೆ.

ತೋಟಿಗ_ಶಿರಸಿ: ಹೊಸದು ಹಾಕಿ ವಾರ ಆಗಿಲ್ಲ.

ರೆಕ್ಕೆರಾಜ: ಹೊಸದೂ ಸೊಟ್ಟ ಇರುತ್ತದೆ ಸ್ವಾಮಿ. ಹಗುರ ಇರುವ ರೆಕ್ಕೆಗೆ ಚೂರು ಟೇಪ್ ಅಂಟಿಸಿ ನೋಡಿ.

ಕ್ಯಾಮೆರಾಕಿಟ್ಟಿ: ಇದು ರೋಲಿಂಗ್ ಶಟರ್ ಕಾಟ, ಚಿತ್ರವನ್ನು ಸಾಲು ಸಾಲಾಗಿ ಹಿಡಿಯುತ್ತದಲ್ಲ, ಅದು.

ಸರ್ವೆಮಾವ: 4 ಪ್ರೊದಲ್ಲಿ ಇಡೀ ಚಿತ್ರ ಒಟ್ಟಿಗೇ ಹಿಡಿಯುವ ಮೆಕ್ಯಾನಿಕಲ್ ಶಟರ್ ಇದೆ ಮಾರಾಯ್ರೆ.

ಕ್ಯಾಮೆರಾಕಿಟ್ಟಿ: ವಿಡಿಯೋಗೆ ಅದು ಕೆಲಸ ಮಾಡಲ್ಲ.

ಸರ್ವೆಮಾವ: ವಿಡಿಯೋ ಅಂತ ಯಾರು ಹೇಳಿದರು? ತೋಟಿಗರೇ, ಒಂದು ಮೂಲ ಫೋಟೋ ಹಾಕಿ. ವೇಗ ಎಷ್ಟಿತ್ತು?

ತೋಟಿಗ_ಶಿರಸಿ: ಹಾಕಿದ್ದೇನೆ. ಸೆಕೆಂಡಿಗೆ 10 ಮೀಟರ್, ಒಂದೇ ಬ್ಯಾಟರಿಯಲ್ಲಿ ಮುಗಿಯಲಿ ಅಂತ. ಅದು ಮುಖ್ಯನಾ?

ಸರ್ವೆಮಾವ: ಅದೇ ಮುಖ್ಯ. ಫೋಟೋ ದೊಡ್ಡದು ಮಾಡಿ ನೋಡಿ. ಹಾರಿದ ದಿಕ್ಕಿಗೇ ಚಾಚಿದ ಸೋಗೆಗಳ ಅಂಚು ಚೂಪಾಗಿದೆ. ಅಡ್ಡ ಚಾಚಿದವು ಕಲಸಿದ ಹಿಟ್ಟು. ರೆಕ್ಕೆ ನಡುಗಿದ್ದರೆ ಹೀಗೆ ಒಂದೇ ದಿಕ್ಕಿಗೆ ಎಳೆದಂತೆ ಆಗಲ್ಲ. ಫೋಟೋ ವಿವರದಲ್ಲಿ ಶಟರ್ 1/100 ಸೆಕೆಂಡ್, ಸಮಯ ಸಂಜೆ 5:40, ಬೆಳಕು ಕಡಿಮೆ. ಶಟರ್ ತೆರೆದಿದ್ದಷ್ಟು ಹೊತ್ತಿಗೆ ಡ್ರೋನ್ 10 ಸೆಂಟಿಮೀಟರ್ ಮುಂದೆ ಹೋಗಿದೆ. 60 ಮೀಟರಿನಿಂದ ನೆಲದಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 1.6 ಸೆಂಟಿಮೀಟರ್, ಆರು ಪಿಕ್ಸೆಲ್ ಎಳೆದ ಹಾಗಾಯ್ತು. ಮರ 15 ಮೀಟರ್ ಇದ್ದರೆ ತಲೆ ಇನ್ನೂ ಹತ್ತಿರ, ಅಲ್ಲಿ ಎಂಟು. ಪಕ್ಕಪಕ್ಕದ ಎರಡು ತಲೆ ಒಂದಕ್ಕೊಂದು ಅಂಟಿದರೆ ಸಾಫ್ಟ್‌ವೇರ್ ಒಂದೇ ಮರ ಅಂತ ಎಣಿಸುತ್ತದೆ. ಗಿಂಬಲ್ ವಾಲಾಟ ತಡೆಯುತ್ತದೆ, ಮುಂದೆ ಓಡುವುದನ್ನಲ್ಲ.

ಬೆಳಗ್ಗೆ ಹತ್ತರ ಮೇಲೆ ಹಾರಿಸಿ. ಶಟರ್ ಆಟೋ ಬಿಡಬೇಡಿ, 1/1000ಕ್ಕೆ ಕಟ್ಟಿ. ವೇಗ 5. ಬ್ಯಾಟರಿ ಎರಡು ಹೋಗಲಿ ಬಿಡಿ.

ಗಾಳಿಗೋಪಾಲ: ಗಾಳಿಗೆ ಅಡಿಕೆ ತಲೆಯೇ ತೂಗಾಡುತ್ತದಲ್ವಾ? ಅದಕ್ಕೆ ಯಾವ ಶಟರೂ ಸಾಲದು, ಒಂದು ಫೋಟೋಗೂ ಇನ್ನೊಂದಕ್ಕೂ ಮರ ಜಾಗ ಬದಲಿಸಿರುತ್ತದೆ.

ಸರ್ವೆಮಾವ: ಹೌದು. ಗಾಳಿ ನಿಂತ ಮೇಲೆಯೇ ಹಾರಿಸಿ.

ರೆಕ್ಕೆರಾಜ: ನಾನು ಥರ್ಮೋಕೋಲಿನಲ್ಲಿ ಕಟ್ಟಿದ ಫಿಕ್ಸೆಡ್ ವಿಂಗ್, ಅಂದರೆ ವಿಮಾನದ ಥರದ ಡ್ರೋನ್, ಎರಡು ಮೀಟರ್ ಅಗಲ ಇದೆ. ಇಂಥ ತಾಪತ್ರಯವೇ ಇಲ್ಲ.

ಕ್ಯಾಮೆರಾಕಿಟ್ಟಿ: ಅದು ನಿಂತು ಹಾರಲ್ಲ, ಇನ್ನೂ ಜೋರು ಓಡುತ್ತದೆ! ಮಬ್ಬು ಜಾಸ್ತಿಯೇ ಆಗಬೇಕು.

ರೆಕ್ಕೆರಾಜ: ಬಂದು ನೋಡಿ, ಆಮೇಲೆ ಮಾತಾಡಿ.

ತೋಟಿಗ_ಶಿರಸಿ: ಇಲ್ಲಿ ಮಳೆ ಹಿಡಿದಿದೆ. ಬಿಟ್ಟ ಮೇಲೆ ಹಾರಿಸಿ ಹೇಳುತ್ತೇನೆ. ಪ್ರೊಪೆಲ್ಲರಿಗೆ ಅಂಟಿಸಿದ ಟೇಪ್ ಕೀಳಲಾ?